ಬಲಿಗೊಬ್ಬ ಬೇಕೇ? ಕುಕ್‌ಗೆ ಹೇಳಿ ಕಳಿಸಿ!

ರಾತ್ರಿ ಮುಗಿಯುತ್ತಾ ಬಂದಿದೆ. ಪತ್ತೇದಾರನ ಮನೆಯಲ್ಲಿ ಐದು ಜನ ಕಾದು ಕೂತಿದ್ದಾರೆ. ಕಪ್ಪು ಹಕ್ಕಿಯ ಬೊಂಬೆಯೊಂದಕ್ಕಾಗಿ ಆಗಲೇ ಮೂರು ಹೆಣ ಬಿದ್ದಿವೆ. ಬೆಳಗಾದರೆ ಪೊಲೀಸರಿಗೆ ಉತ್ತರ ಹೇಳಬೇಕು. ಉತ್ತರ ಅಂದರೆ, ಒಬ್ಬನನ್ನು ಹಿಡಿದು ಕೊಡಬೇಕು. ಯಾರನ್ನು?

ಈ ಹುಡುಗನನ್ನೇ ಕೊಟ್ಟುಬಿಡೋಣ ಅಂತ ಪತ್ತೇದಾರ ಹೇಳುತ್ತಾನೆ.

ಹುಡುಗ ಅಲ್ಲೇ ಇದ್ದಾನೆ. ಗಿಡ್ಡ ಮೈ, ಅದಕ್ಕೊಂದು ದೊಡ್ಡ ಓವರ್‌ಕೋಟು, ಮುಖದ ತುಂಬ ಬರೀ ಕಣ್ಣು. ಅವನ ದಣಿ, ಆನೆಯಂಥ ಆಸಾಮಿ, ಮೊದಲು ನಗುತ್ತಾನೆ. ಛೆ ಛೆ, ಇವನು ನನಗೆ ಮಗನಿದ್ದ ಹಾಗೆ ಅನ್ನುತ್ತಾನೆ. ಆಮೇಲೆ ನಿಧಾನವಾಗಿ ಲೆಕ್ಕ ಹಾಕುತ್ತಾನೆ. ಮಗನಂಥವನು ಇನ್ನೆಲ್ಲಾದರೂ ಸಿಕ್ಕಿಯಾನು, ಹಕ್ಕಿ ಇರುವುದು ಮಾತ್ರ ಒಂದೇ ಎಂಬ ತೀರ್ಮಾನಕ್ಕೆ ಬರುತ್ತಾನೆ. ಆಗ ಆ ಹುಡುಗನ ಕಣ್ಣು ನೋಡಬೇಕು ಸ್ವಾಮಿ! ಕೋಪ ಇದೆ, ನೀರೂ ಇದೆ. ಎರಡೂ ಒಟ್ಟಿಗೆ ತುಂಬಿಕೊಂಡು ನಿಂತಿವೆ.

ಚಿತ್ರದ ಹೆಸರು 'ದಿ ಮಾಲ್ಟೀಸ್ ಫಾಲ್ಕನ್'. ತೆರೆಕಂಡದ್ದು 1941ರಲ್ಲಿ. ಡಾಶಿಯಲ್ ಹ್ಯಾಮೆಟ್‌ನ ಕಾದಂಬರಿ, ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೊದಲ ಚಿತ್ರ. ಪತ್ತೇದಾರನಾಗಿ ಹಂಫ್ರಿ ಬೋಗಾರ್ಟ್, ದಣಿಯಾಗಿ ಸಿಡ್ನಿ ಗ್ರೀನ್‌ಸ್ಟ್ರೀಟ್. ಈ ಚಿತ್ರ ನೋಡಿದವರೆಲ್ಲ ಬೋಗಾರ್ಟ್ ಟೋಪಿಯ ಬಗ್ಗೆ, ಸಿಗರೇಟಿನ ಬಗ್ಗೆ ಮಾತಾಡುತ್ತಾರೆ. ಮಾತಾಡಲಿ ಬಿಡಿ. ನನ್ನ ಈ ವಾರದ ಆಸಾಮಿ ಆ ಹುಡುಗ.

ಹೆಸರು ಎಲೈಷಾ ಕುಕ್ ಜೂನಿಯರ್. ಅಂದ ಹಾಗೆ, 'ಹುಡುಗ' ಅಂದೆನಲ್ಲ... ಆ ಪಾತ್ರ ಮಾಡುವಾಗ ಈತನ ವಯಸ್ಸು ಬರೋಬ್ಬರಿ 37!

ಈ ಗಿಡ್ಡ ನಮಗ್ಯಾಕೆ?

ನೀವು ಕೇಳ್ತೀರಿ, ಗೊತ್ತು. ನಮ್ಮಲ್ಲೇ ವಜ್ರಮುನಿ, ತೂಗುದೀಪ ಶ್ರೀನಿವಾಸ್, ಸುಧೀರ್ ಅವರಂಥ ಘಟಾನುಘಟಿಗಳು ಆಗಿಹೋಗಿರುವಾಗ ಈ ಅಮೆರಿಕದ ಗಿಡ್ಡನ ಕಥೆ ಯಾಕಪ್ಪಾ ಅಂತ.

ಕೇಳಿ. ವಜ್ರಮುನಿ ಹುಬ್ಬು ಏರಿಸಿದರೆ ಟಾಕೀಸಿನಲ್ಲಿ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಅದು ಖಳನಾಯಕನ ಗತ್ತು. ಅವನಿಗೆ ಹೀರೋ ಕೂಡ ಒಂದು ಕ್ಷಣ ಅಂಜಬೇಕು. ಕುಕ್ ಆ ಜಾತಿಯವನಲ್ಲ. ಈತ ಖಳನಾಯಕನ ಹಿಂದೆ ನಿಂತು ಕಾರಿನ ಬಾಗಿಲು ತೆಗೆಯುವವನು. ಈತನಿಗೆ ಯಾರೂ ಅಂಜುವುದಿಲ್ಲ. ಹೀರೋ ಹೊಡೆಯುತ್ತಾನೆ, ಖಳನಾಯಕ ಹೊಡೆಯುತ್ತಾನೆ, ಹೆಂಡತಿ ಬೈಯುತ್ತಾಳೆ. ಕಡೆಗೆ ಗುಂಡೋ ವಿಷವೋ ಕತ್ತಿಗೆ ಬಟ್ಟೆಯೋ, ಏನಾದರೂ ಒಂದು ಬಿದ್ದು ಸಾಯುತ್ತಾನೆ. ಅಂಥ ಪಾತ್ರ ಹಾಕಿಕೊಂಡೇ ಈತ ಅರ್ಧ ಶತಮಾನ ಬದುಕಿದ. 1930ರಿಂದ 1988ರ ತನಕ, ಸಿನಿಮಾ-ಟೀವಿ ಸೇರಿ ನೂರಕ್ಕೂ ಹೆಚ್ಚು ಪಾತ್ರ. ಒಂದು ಆಸ್ಕರ್ ಬಿಡಿ, ಒಂದು ನಾಮಕರಣವೂ ಇಲ್ಲ!

ಹುಟ್ಟು, ನಾಟಕ, ಬಣ್ಣ

ಕುಕ್ ಹುಟ್ಟಿದ್ದು 1903ರ ಡಿಸೆಂಬರ್ 26ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಳೆದದ್ದು ಷಿಕಾಗೋದಲ್ಲಿ. ಮೀಸೆ ಮೂಡುವ ಮೊದಲೇ ರಂಗದ ಗೀಳು ಹತ್ತಿತು. ಊರೂರು ತಿರುಗಿ ನಾಟಕ ಆಡಿದ. 1933ರಲ್ಲಿ ಅದೃಷ್ಟ ಖುಲಾಯಿಸಿತು. ಯೂಜೀನ್ ಓನೀಲ್‌ನ 'ಆ, ವೈಲ್ಡರ್‌ನೆಸ್!' ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಾಗ, ಅದರಲ್ಲಿ ಪ್ರೇಮದ ಹುಚ್ಚು ಹಿಡಿದ ಹದಿಹರೆಯದ ಮಗನ ಪಾತ್ರ ಈತನಿಗೆ ಸಿಕ್ಕಿತು. ಆಗ ಈತನ ವಯಸ್ಸು 29. ನೋಡಿ, ಮುಖ ಆಗಲೂ ಹುಡುಗನದೇ!

ಅಲ್ಲಿಂದ 1936ರಲ್ಲಿ ಹಾಲಿವುಡ್. ಅಲ್ಲಿನ ವ್ಯವಸ್ಥೆ ಆಗ ಹೇಗಿತ್ತು ಅಂದರೆ, ದೊಡ್ಡ ತಾರೆಯರನ್ನು ಸ್ಟುಡಿಯೋಗಳು ವರ್ಷಗಟ್ಟಲೆ ಕರಾರಿಗೆ ಕಟ್ಟಿಹಾಕುತ್ತಿದ್ದವು. ಕುಕ್‌ನಂಥವರು ಇವತ್ತು ಈ ಬಾಗಿಲು, ನಾಳೆ ಆ ಬಾಗಿಲು. ವಾರ್ನರ್, ಆರ್‌ಕೆಓ, ಯೂನಿವರ್ಸಲ್, ಪ್ಯಾರಮೌಂಟ್, ಫಾಕ್ಸ್... ಎಲ್ಲ ಕಡೆಯೂ ಈತನ ಮುಖ ಕಾಣುತ್ತದೆ. ಲೇಖನಕ್ಕಿಷ್ಟು ಅಂತ ಇಸಕೊಂಡು ಮನೆ ನಡೆಸುವ ನನ್ನಂಥವನಿಗೆ ಈ ಬದುಕು ಬಿಡಿಸಿ ಹೇಳಬೇಕಾಗಿಲ್ಲ!

1940ರಲ್ಲಿ 'ಸ್ಟ್ರೇಂಜರ್ ಆನ್ ದಿ ಥರ್ಡ್ ಫ್ಲೋರ್' ಬಂತು. ಕತ್ತಲು-ನೆರಳಿನ ಅಮೆರಿಕನ್ ಅಪರಾಧ ಚಿತ್ರಗಳಿಗೆ 'ನ್ವಾರ್' ಅನ್ನುತ್ತಾರಲ್ಲ, ಆ ಸಾಲಿನ ಮೊದಲನೆಯದು ಇದೇ ಅಂತ ಬಹಳ ಜನರ ಲೆಕ್ಕ. ಅದರಲ್ಲಿ ಕುಕ್ ಒಬ್ಬ ಟ್ಯಾಕ್ಸಿ ಡ್ರೈವರ್. ಮಾಡದ ಕೊಲೆ ಇವನ ತಲೆಗೆ ಬರುತ್ತದೆ. ಸಾಕ್ಷಿ ಹೇಳಿದವನು ಯಾರು ಗೊತ್ತೇ? ಒಬ್ಬ ಪತ್ರಕರ್ತ! ಆ ಸಾಕ್ಷಿಯಿಂದಲೇ ಅವನಿಗೆ ಹೆಸರು. ಕೋರ್ಟಿನಲ್ಲಿ ಕುಕ್ ನಾನು ಮಾಡಿಲ್ಲ, ನಾನು ಮಾಡಿಲ್ಲ ಅಂತ ಕಿರುಚುವಾಗ ಪತ್ರಕರ್ತನ ಹೊಟ್ಟೆಯಲ್ಲಿ ಹುಳ ಬಿಡುತ್ತದೆ. ನಿಜವಾದ ಕೊಲೆಗಾರ ಆಮೇಲೆ ಸಿಗುತ್ತಾನೆ, ಅದು ಬೇರೆ ಮಾತು.

ಮರುವರ್ಷವೇ 'ಫಾಲ್ಕನ್'. ಕುಕ್‌ನ ಪಾತ್ರದ ಹೆಸರು ವಿಲ್ಮರ್. ಸಾಚಾ ಏನಲ್ಲ, ಮೂರರಲ್ಲಿ ಎರಡು ಕೊಲೆ ಇವನದೇ. ಆದರೆ ಮಾಡಿದ್ದು ದಣಿಗೋಸ್ಕರ. ಹೋಟೆಲಿನ ಓಣಿಯಲ್ಲಿ ಬೋಗಾರ್ಟ್ ಹಿಂದಿನಿಂದ ಇವನ ಕೋಟನ್ನು ಸರಕ್ಕನೆ ತೋಳಿನವರೆಗೆ ಕೆಳಗೆಳೆದು, ಎರಡು ಜೇಬಿನ ಎರಡು ಪಿಸ್ತೂಲನ್ನೂ ಕಿತ್ತುಕೊಳ್ಳುತ್ತಾನೆ. ಕಿತ್ತುಕೊಂಡು ದಣಿಯ ಎದುರಿಗೇ ಗೇಲಿ ಮಾಡುತ್ತಾನೆ. ಜನ ನಗುತ್ತಾರೆ. ಕುಕ್ ನಗಿಸಲಿಕ್ಕೆ ಹೋಗುವುದೇ ಇಲ್ಲ. ಮರ್ಯಾದೆ ಹೋದವನ ಮುಖ ಹೇಗಿರುತ್ತದೋ ಹಾಗೇ ನಿಲ್ಲುತ್ತಾನೆ. ಅದೇ ಈತನ ಗುಟ್ಟು.

ಕೊನೆಗೆ ಅವನನ್ನೇ ಕೊಡುವುದೆಂದು ತೀರ್ಮಾನವಾಗಿ, ಒಂದು ಗುದ್ದು ಬಿದ್ದು ಹುಡುಗ ಜ್ಞಾನ ತಪ್ಪುತ್ತಾನೆ. ಸೋಫಾ ಮೇಲೆ ಹಾಕುತ್ತಾರೆ. ಕಣ್ಣು ಬಿಟ್ಟಾಗ ಒಬ್ಬೊಬ್ಬರ ಮುಖವೂ ಕಾಣುತ್ತದೆ. ದಣಿ. ದಣಿಯ ಸ್ನೇಹಿತ. ಆ ಹೆಂಗಸು. ಪತ್ತೇದಾರ. ಎಲ್ಲರೂ ಇವನನ್ನೇ ನೋಡುತ್ತಿದ್ದಾರೆ, ಯಾರೂ ಇವನ ಕಡೆಯವರಲ್ಲ.

ನಾಲ್ಕು ಸಾವಿರದ ಇನ್ನೂರು ರೂಪಾಯಿ

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ತಪ್ಪು ತಿಳೀಬೇಡಿ.

ಪೀಯೂಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜಿನಲ್ಲಿ ರಾತ್ರಿ ಕೌಂಟರಿಗೆ ಕೂರುತ್ತಿದ್ದೆ. ಹನ್ನೆರಡು ದಾಟಿದರೆ ಕೆಲಸ ಕಮ್ಮಿ. ಮೊಬೈಲಿನಲ್ಲಿ ಹಳೇ ಇಂಗ್ಲಿಷ್ ಪಿಚ್ಚರ್ ನೋಡುವ ಚಟ ಹತ್ತಿದ್ದು ಅಲ್ಲೇ. ರೂಮ್ ಬಾಯ್ ಒಬ್ಬನಿದ್ದ. ಹದಿನೆಂಟೋ ಹತ್ತೊಂಬತ್ತೋ. ನನ್ನನ್ನು 'ಅಣ್ಣಾ' ಅನ್ನುತ್ತಿದ್ದ. ಇಂಗ್ಲಿಷ್ ಬರದಿದ್ದರೂ ನನ್ನ ಪಕ್ಕ ಕೂತು ನೋಡುತ್ತಿದ್ದ. ಫೈಟಿಂಗ್ ಯಾವಾಗಣ್ಣಾ ಅಂತ ಕೇಳುತ್ತಿದ್ದ.

ಒಂದು ಬೆಳಿಗ್ಗೆ ಗಲ್ಲಾಪೆಟ್ಟಿಗೆಯಲ್ಲಿ 4,200 ರೂಪಾಯಿ ಕಮ್ಮಿ ಬಂತು. ತೆಗೆದವನು ಓನರ್ ಭಾಮೈದ. ನಾನು ಕಣ್ಣಾರೆ ಕಂಡಿದ್ದೆ. ಆದರೆ ಅಷ್ಟು ಹೊತ್ತಿಗೆ ಎಲ್ಲರೂ ಸೇರಿ ಹುಡುಗ ಅಂತ ತೀರ್ಮಾನ ಮಾಡಿ ಆಗಿತ್ತು. ಕೆನ್ನೆಗೆ ಎರಡು ಬಿತ್ತು. ತಿಂಗಳ ಸಂಬಳ ಹಿಡಿದುಕೊಂಡರು. ಬ್ಯಾಗು ಹೊರಗೆ ಎಸೆದರು. ಹೋಗುವ ಮುಂಚೆ ಅವನು ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದ. ಓನರ್. ಮ್ಯಾನೇಜರ್. ಅಡಿಗೆಯವನು. ಕೊನೆಗೆ ನಾನು.

ನಾನು ರಿಜಿಸ್ಟರ್ ಪುಸ್ತಕದ ಕಡೆ ತಲೆ ತಗ್ಗಿಸಿದೆ. ನನಗೂ ಸಂಬಳ ಬೇಕಿತ್ತು.

ಅದಾಗಿ ಕೆಲವು ತಿಂಗಳಿಗೆ 'ಫಾಲ್ಕನ್' ನೋಡಿದೆ. ಸೋಫಾ ಮೇಲೆ ಕುಕ್ ಕಣ್ಣು ಬಿಟ್ಟು ಒಂದೊಂದೇ ಮುಖ ನೋಡುವ ಆ ಜಾಗ ಬಂತಲ್ಲ, ಮೊಬೈಲ್ ಬೋರಲು ಹಾಕಿ ಹೊರಗೆ ಹೋಗಿ ನಿಂತೆ. ಮುಂದಿನ ಕಥೆ ನೋಡಿದ್ದು ಮಾರನೇ ದಿನ.

ಸಾಯುವುದರಲ್ಲೂ ಬಗೆ ಬಗೆ

ಕುಕ್ ಹೇಗೆಲ್ಲ ಸತ್ತ ಅಂತ ಬರೆಯುತ್ತಾ ಹೋದರೆ ಈ ಪುಟ ಸಾಲದು. ಒಂದು ಕಾರಣ ಅಲ್ಲಿನ ಸೆನ್ಸಾರ್. 1934ರಿಂದ ಹಾಲಿವುಡ್ಡಿನಲ್ಲಿ ಒಂದು ಕಟ್ಟಳೆ ಬಿಗಿಯಾಗಿ ಜಾರಿಯಲ್ಲಿತ್ತು. ತಪ್ಪು ಮಾಡಿದವನು ತೆರೆಯ ಮೇಲೆ ತಪ್ಪಿಸಿಕೊಳ್ಳಕೂಡದು. ಹೀಗಾಗಿ ಕಳ್ಳರ ಗುಂಪಿನಲ್ಲಿ ಸಣ್ಣವನಾಗಿ ಸೇರಿಕೊಂಡವನಿಗೆ ಸಾವು ಹಣೆಬರಹ. ಇನ್ನೊಂದು ಕಾರಣ ಕಸುಬಿನದು. ಖಳನಾಯಕ ಎಷ್ಟು ಕ್ರೂರಿ ಅಂತ ಜನ ನಂಬಬೇಕಾದರೆ, ಅವನ ಎದುರು ಹೆದರುವವನು ಚೆನ್ನಾಗಿ ಹೆದರಬೇಕು! ಪಿಸ್ತೂಲಿಗೆ ತೂಕ ಬರುವುದು ಹಿಡಿದವನಿಂದಲ್ಲ, ಅದನ್ನು ನೋಡುವವನ ಕಣ್ಣಿನಿಂದ. ಆ ಕಣ್ಣು ಕುಕ್‌ನದು.

1944ರ 'ಫ್ಯಾಂಟಮ್ ಲೇಡಿ'ಯಲ್ಲಿ ಈತ ಡ್ರಮ್ಸ್ ಬಾರಿಸುವವನು. ನಾಯಕಿ ಗುಟ್ಟು ಹೊರಡಿಸಲಿಕ್ಕೆ ಚೆಲ್ಲು ಹುಡುಗಿಯ ವೇಷ ಹಾಕಿ ಬರುತ್ತಾಳೆ. ನೆಲಮಾಳಿಗೆಯಲ್ಲಿ ಹೊಗೆ, ಸಂಗೀತ, ಬೆವರು. ಅವಳನ್ನೇ ನೋಡುತ್ತಾ ಕುಕ್ ಡ್ರಮ್ಸ್ ಬಾರಿಸುತ್ತಾನೆ ನೋಡಿ... ಮೈಮೇಲೆ ದೇವರು ಬಂದವನ ಹಾಗೆ! ಸೆನ್ಸಾರ್‌ನವರು ಅದನ್ನು ಹೇಗೆ ಬಿಟ್ಟರೋ. ಕೆಲವೇ ನಿಮಿಷದಲ್ಲಿ ಕೊಲೆಗಾರ ಬಂದು ಕತ್ತು ಹಿಸುಕಿ ಮುಗಿಸುತ್ತಾನೆ.

1953ರ 'ಷೇನ್' ಅಪರಾಧ ಚಿತ್ರ ಅಲ್ಲ, ಕುದುರೆ-ಕೋವಿಯ ಚಿತ್ರ. ಅದರಲ್ಲಿ ಕುಕ್ ರೋಷದ ರೈತ. ಜ್ಯಾಕ್ ಪ್ಯಾಲನ್ಸ್ ಮೇಲೆ ಹಲಗೆಯ ಜಗಲಿಯಲ್ಲಿ ನಿಂತಿದ್ದಾನೆ, ಕುಕ್ ಕೆಳಗೆ ಕೆಸರಿನಲ್ಲಿ. ಅವನು ಕೆಣಕುತ್ತಾನೆ, ಇವನು ಪಿಸ್ತೂಲಿಗೆ ಕೈ ಹಾಕುತ್ತಾನೆ. ಅರ್ಧ ತೆಗೆಯುವಷ್ಟರಲ್ಲಿ ಢಮಾರ್! ಗುಂಡು ತಗುಲಿದ ಮೈ ಹಿಂದಕ್ಕೆ ಹಾರಿ ಕೆಸರಿಗೆ ಬೀಳುತ್ತದೆ. ಅದಕ್ಕಾಗಿ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕುಕ್‌ನ ಮೈಗೆ ತಂತಿ ಕಟ್ಟಿಸಿ ಹಿಂದಿನಿಂದ ಎಳೆಸಿದ. ಅಲ್ಲಿಯ ತನಕ ಗುಂಡು ತಿಂದವರು ಎದೆ ಹಿಡಿದುಕೊಂಡು ಮೆಲ್ಲಗೆ ಕುಸಿಯುತ್ತಿದ್ದದ್ದೇ ಹೆಚ್ಚು. ಗುಂಡು ಅಂದರೆ ಏನು ಅಂತ ಜನಕ್ಕೆ ಗೊತ್ತಾದದ್ದು ಈ ಗಿಡ್ಡನ ಮೈಯಿಂದ.

ಆದರೆ ನನ್ನ ಮಟ್ಟಿಗೆ ದೊಡ್ಡ ಸಾವು 1946ರ 'ದಿ ಬಿಗ್ ಸ್ಲೀಪ್'ನದು. ರೇಮಂಡ್ ಚಾಂಡ್ಲರ್ ಕಾದಂಬರಿ, ಹೊವಾರ್ಡ್ ಹಾಕ್ಸ್ ನಿರ್ದೇಶನ, ಮತ್ತೆ ಬೋಗಾರ್ಟ್. ಕುಕ್ ಇಲ್ಲಿ ಹ್ಯಾರಿ ಜೋನ್ಸ್ ಅನ್ನುವ ಪುಡಿ ಆಸಾಮಿ. ಆಗ್ನೆಸ್ ಎಂಬ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಅವಳಿಗೆ ಗೊತ್ತಿರುವ ಒಂದು ಗುಟ್ಟನ್ನು ಅವಳ ಪರವಾಗಿ 200 ಡಾಲರಿಗೆ ಮಾರಲು ಬರುತ್ತಾನೆ. ಅಷ್ಟರಲ್ಲಿ ಕೊಲೆಗಾರ ಕಾನಿನೋ ಬಂದು ಇವನನ್ನು ಹಿಡಿಯುತ್ತಾನೆ. ಆಗ್ನೆಸ್ ಎಲ್ಲಿದ್ದಾಳೆ ಹೇಳು ಅಂತ ಪಿಸ್ತೂಲು ತೋರಿಸುತ್ತಾನೆ. ಪಕ್ಕದ ಕೋಣೆಯಲ್ಲಿ ಬೋಗಾರ್ಟ್ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಾನೆ. ಹ್ಯಾರಿ ನಡುಗುತ್ತಾ ವಿಳಾಸ ಹೇಳುತ್ತಾನೆ. ಕಾನಿನೋ ಸ್ನೇಹದಿಂದ ಒಂದು ಗುಟುಕು ಕುಡಿ ಅಂತ ಕೊಡುತ್ತಾನೆ. ಹ್ಯಾರಿಗೆ ಕುಡಿಯಲು ಮನಸ್ಸಿಲ್ಲ, ಕುಡಿಯದೆ ಗತಿಯಿಲ್ಲ. ಕುಡಿಯುತ್ತಾನೆ. ವಿಷ!

ಅವನು ಸತ್ತ ಮೇಲೆ ಬೋಗಾರ್ಟ್ ಆ ವಿಳಾಸಕ್ಕೆ ಫೋನು ಮಾಡಿ ವಿಚಾರಿಸುತ್ತಾನೆ. ಅಲ್ಲಿ ಆಗ್ನೆಸ್ ಅನ್ನುವವಳೇ ಇಲ್ಲ. ಹ್ಯಾರಿ ಸುಳ್ಳು ವಿಳಾಸ ಕೊಟ್ಟಿದ್ದ.

ಹೆದರಿ ಹೆದರಿ ನಡುಗುತ್ತಿದ್ದ ಆ ಗಿಡ್ಡ, ಪಿಸ್ತೂಲಿನ ಬಾಯಿಗೆ ಕೂತುಕೊಂಡು, ತನ್ನವಳನ್ನು ಬಿಟ್ಟುಕೊಡಲಿಲ್ಲ ಕಣ್ರೀ! ಆ ಆಗ್ನೆಸ್ ಆಮೇಲೆ ತನ್ನ 200 ಡಾಲರ್ ಇಸಕೊಂಡು ಕಾರು ಹತ್ತಿ ಹೊರಟೇ ಹೋಗುತ್ತಾಳೆ, ಅದೂ ಇರಲಿ. ಹೆದರಿಕೆ ಬೇರೆ, ಹೇಡಿತನ ಬೇರೆ ಅಂತ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಕುಕ್ ಆ ಒಂದು ಸೀನಿನಲ್ಲಿ ಹೇಳಿಕೊಟ್ಟ. ಹ್ಯಾರಿ ಜೋನ್ಸ್ ನಡುಗುತ್ತಲೇ ಒಬ್ಬಳನ್ನು ಉಳಿಸಿದ. ನನ್ನ ಕೈಗೆ ಯಾರೂ ವಿಷ ಕೊಟ್ಟಿರಲಿಲ್ಲ, ಪಿಸ್ತೂಲೂ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಗಿಳಿಪಂಜರ

1956ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ 'ದಿ ಕಿಲ್ಲಿಂಗ್' ತೆಗೆದ. ಆಗ ಅವನಿಗಿನ್ನೂ 27 ವರ್ಷ. ಕುದುರೆ ರೇಸಿನ ಮೈದಾನದಿಂದ 20 ಲಕ್ಷ ಡಾಲರ್ ಹೊಡೆಯುವ ಕಥೆ. ಕುಕ್ ಅಲ್ಲಿನ ಕೌಂಟರಿನ ಗುಮಾಸ್ತ ಜಾರ್ಜ್. ಹೆಂಡತಿ ಶೆರ್ರಿಯ ಪಾತ್ರದಲ್ಲಿ ಮೇರಿ ವಿಂಡ್ಸರ್. ಗಂಡನಿಗಿಂತ ಎತ್ತರದ ಆಳು, ನಾಲಿಗೆ ಇನ್ನೂ ಉದ್ದ! ಗಂಡನನ್ನು ಕಂಡರೆ ಅವಳಿಗೆ ತಾತ್ಸಾರ. ಅವಳ ಕಣ್ಣಲ್ಲಿ ಗಂಡಸಾಗಬೇಕು ಅಂತ ಈ ಬಡಪಾಯಿ ದರೋಡೆಯ ಗುಟ್ಟು ಬಾಯಿಬಿಡುತ್ತಾನೆ. ಅವಳು ಅದನ್ನು ಪ್ರಿಯಕರನ ಕಿವಿಗೆ ಹಾಕುತ್ತಾಳೆ. ಪ್ರಿಯಕರ ಪಿಸ್ತೂಲು ಹಿಡಿದು ಬರುತ್ತಾನೆ. ಕೋಣೆಯ ತುಂಬ ಹೆಣ. ಮುಖವೆಲ್ಲ ರಕ್ತವಾದ ಜಾರ್ಜ್ ಒಬ್ಬನೇ ಎದ್ದು ತೂರಾಡುತ್ತಾ ಮನೆಗೆ ಬಂದು, ಹೆಂಡತಿಗೆ ಗುಂಡು ಹಾರಿಸಿ, ಗಿಳಿಪಂಜರವನ್ನು ಎಳೆದುಕೊಂಡೇ ನೆಲಕ್ಕೆ ಬೀಳುತ್ತಾನೆ.

ಬೇರೆ ನಟನಾಗಿದ್ದರೆ ಜಾರ್ಜ್ ಬರೀ ಹಾಸ್ಯಗಾರ ಆಗುತ್ತಿದ್ದ, ಇಲ್ಲವೇ ಬರೀ ಕೊಲೆಗಾರ. ಕುಕ್ ಅವನನ್ನು ಗಂಡನನ್ನಾಗಿಯೇ ಉಳಿಸಿಕೊಳ್ಳುತ್ತಾನೆ. ಸಾಯುವ ತನಕ ಅವಳು ಒಂದು ಒಳ್ಳೇ ಮಾತು ಆಡಿಯಾಳು ಅಂತ ಕಾಯುವ ಗಂಡ. ಅವನು ಮಾಡಿದ್ದು ಸರಿ ಅಂತ ನಮಗೆ ಅನ್ನಿಸುವುದಿಲ್ಲ. ಆದರೆ ನಗು ಮಾತ್ರ ಬರುವುದಿಲ್ಲ.

ಬೆಟ್ಟದ ಮೇಲಿನ ಒಂಟಿ ಮನುಷ್ಯ

ತೆರೆಯ ಮೇಲೆ ಇಷ್ಟು ಒದೆ ತಿಂದವನು ಮನೆಯಲ್ಲೂ ಹೀಗೇ ಇದ್ದನೇ? ಇಲ್ಲೇ ಇರುವುದು ಮಜಾ!

ಕುಕ್‌ಗೆ ಹಾಲಿವುಡ್ಡಿನ ಪಾರ್ಟಿ, ಕೈಕುಲುಕಾಟ ಯಾವುದೂ ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಈತನ ವಾಸ. ಅಲ್ಲಿನ ತಣ್ಣನೆ ನೀರಿನಲ್ಲಿ ಚಿನ್ನದ ಬಣ್ಣದ ಟ್ರೌಟ್ ಮೀನು ಸಿಗುತ್ತದೆ. ಅದನ್ನು ಹಿಡಿಯಲು ಗಾಳಕ್ಕೆ ಬೇಕಾದ ನಕಲಿ ನೊಣಗಳನ್ನು ತಾನೇ ಕಟ್ಟಿಕೊಳ್ಳುತ್ತಿದ್ದ. ಪಾತ್ರ ಇದ್ದರೆ ಸ್ಟುಡಿಯೋದವರು ಬೆಟ್ಟದ ಮೇಲಕ್ಕೆ ಆಳು ಕಳಿಸಿ ಹೇಳಿಸಬೇಕಿತ್ತು. ಈತ ಇಳಿದು ಬಂದು, ಒಂದು ಸಲ ಸತ್ತು, ದುಡ್ಡು ಇಸಕೊಂಡು, ಮತ್ತೆ ಬೆಟ್ಟ ಹತ್ತುತ್ತಿದ್ದ! ಇದನ್ನೆಲ್ಲ ಜಾನ್ ಹ್ಯೂಸ್ಟನ್ 1980ರ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಸ್ಟುಡಿಯೋ ಬಾಗಿಲಲ್ಲಿ ಕಾಯುವ ಸೈಡ್ ಪಾತ್ರದವರನ್ನು ಕಂಡಿದ್ದೇವೆ. ಸ್ಟುಡಿಯೋವನ್ನೇ ಕಾಯಿಸಿದ ಸೈಡ್ ಪಾತ್ರದವನು ಇವನೊಬ್ಬ.

ವಯಸ್ಸಾದ ಮೇಲೂ ಕರೆ ನಿಲ್ಲಲಿಲ್ಲ. 1968ರ 'ರೋಸ್‌ಮೇರೀಸ್ ಬೇಬಿ'ಯಲ್ಲಿ ನಾಯಕ-ನಾಯಕಿಗೆ ಆ ಶನಿ ಹಿಡಿದ ಮನೆ ತೋರಿಸುವವನು ಕುಕ್. 1975ರ 'ದಿ ಬ್ಲ್ಯಾಕ್ ಬರ್ಡ್' ಎಂಬ ತಮಾಷೆ ಚಿತ್ರದಲ್ಲಿ ಮತ್ತೆ ಅದೇ ವಿಲ್ಮರ್. 1982ರಲ್ಲಿ ವಿಮ್ ವೆಂಡರ್ಸ್ 'ಹ್ಯಾಮೆಟ್' ತೆಗೆದ. 'ಫಾಲ್ಕನ್' ಬರೆದ ಕಾದಂಬರಿಕಾರನನ್ನೇ ನಾಯಕನಾಗಿಟ್ಟ ಚಿತ್ರ. ಅದರಲ್ಲಿ ಕುಕ್ ಮತ್ತೆ ಟ್ಯಾಕ್ಸಿ ಡ್ರೈವರ್!

ಎಲ್ಲಕ್ಕಿಂತ ಖುಷಿಯ ಸಂಗತಿ ಇನ್ನೊಂದಿದೆ. 1980ರ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ 'ಮ್ಯಾಗ್ನಮ್ ಪಿ.ಐ.' ಎಂಬ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಅದರಲ್ಲಿ 'ಐಸ್ ಪಿಕ್' ಅಂತ ಒಬ್ಬ ಭೂಗತ ದಣಿ. ಹೆಸರು ಕೇಳಿದರೆ ಜನ ಬೆವರಬೇಕು. ಆ ಪಾತ್ರ ಯಾರದು? ಸುಮಾರು ಎಂಬತ್ತರ ಪ್ರಾಯದ ನಮ್ಮ ಗಿಡ್ಡನದು! ನಲವತ್ತು ವರ್ಷ ದಣಿಗಳಿಗೆ ಬಾಗಿಲು ತೆಗೆದವನು ಕಡೆಗೂ ದಣಿಯ ಕುರ್ಚಿಯಲ್ಲಿ ಕೂತ. ನಾನು ಆ ಸೀನು ನೋಡುವಾಗ ಒಬ್ಬನೇ ಶಿಳ್ಳೆ ಹೊಡೆದೆ, ಸುಳ್ಳಲ್ಲ.

1995ರ ಮೇ 18ರಂದು, ಬೆಟ್ಟದ ಬುಡದ ಬಿಗ್ ಪೈನ್ ಎಂಬ ಸಣ್ಣ ಊರಿನಲ್ಲಿ ಕುಕ್ ತೀರಿಕೊಂಡ. ವಯಸ್ಸು 91. ಅಷ್ಟು ಹೊತ್ತಿಗೆ ಗ್ರೀನ್‌ಸ್ಟ್ರೀಟ್ ಹೋಗಿ 41 ವರ್ಷ, ಬೋಗಾರ್ಟ್ ಹೋಗಿ 38 ವರ್ಷ ಆಗಿತ್ತು. ಪತ್ತೇದಾರನ ಮನೆಯಲ್ಲಿ ಆ ರಾತ್ರಿ ಕಾದು ಕೂತಿದ್ದ ಐವರಲ್ಲಿ ಕಟ್ಟಕಡೆಗೆ ಉಳಿದವನು, ಎಲ್ಲರೂ ಸೇರಿ ಬಲಿ ಕೊಡಹೊರಟ ಆ ಹುಡುಗನೇ.

ಇನ್ನು ಆ ಹಕ್ಕಿ? ಕಥೆಯಲ್ಲಿ ಅದು ನಕಲಿ, ಬರೀ ಸೀಸ. ಚಿತ್ರಕ್ಕಾಗಿ ಮಾಡಿಸಿದ್ದ ಆ ಸೀಸದ ಬೊಂಬೆ 2013ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. ಹೋದ ಬೆಲೆ 40 ಲಕ್ಷ ಡಾಲರಿಗೂ ಮೇಲೆ! ಆ ದಪ್ಪ ದಣಿಯ ಲೆಕ್ಕವೇ ಲೆಕ್ಕ ಅನ್ನುವವರು ಈಗಲೂ ಬೇಕಾದಷ್ಟಿದ್ದಾರೆ ಅಂತಾಯಿತು.

ಮಿತ್ರರೇ, ಮುಂದಿನ ವಾರ ಇನ್ನೊಬ್ಬರ ಕಥೆ. ಅಷ್ಟರೊಳಗೆ ಯಾವ ಪಿಚ್ಚರಿಗಾದರೂ ಹೋದರೆ ಹೀರೋಗೆ ಶಿಳ್ಳೆ ಹೊಡೀರಿ, ಬೇಡ ಅನ್ನಲ್ಲ. ಆದರೆ ಒದೆ ತಿಂದು ಬೀಳುತ್ತಾನಲ್ಲ, ಅವನ ಮುಖವನ್ನೂ ಒಂದು ಸಲ ನೋಡಿ.

ಕೊನೆಗೊಂದು ಮಾತು, ಇದು ಒಬ್ಬನಿಗೆ ಮಾತ್ರ. ಈ ಪತ್ರಿಕೆ ಬಸ್ ಸ್ಟ್ಯಾಂಡುಗಳಲ್ಲಿ ನೇತುಹಾಕಿರುತ್ತದೆ. ಯಾವ ಊರಿನ ಬಸ್ ಕಾಯುತ್ತಾ ನೀನು ಇದನ್ನು ತಿರುವಿ ಹಾಕುತ್ತೀಯೋ ಗೊತ್ತಿಲ್ಲ. ಆ 4,200 ರೂಪಾಯಿ ನೀನು ತೆಗೆದಿರಲಿಲ್ಲ. ನನಗೆ ಅವತ್ತೇ ಗೊತ್ತಿತ್ತು ತಮ್ಮಾ.